ನೆಲಬೇವಿನ ಅರ್ಧ ಮಾತು

ನೀನು ಲ್ಯಾಬಿನಲ್ಲಿ ಮಾಡೋದಾದರೂ ಏನು ಅಂತ ನಮ್ಮ ಕಡೆಯವರು ಕೇಳೋದು, ನಾನು ಬಾಯಿ ತೆಗೆಯೋದು, ಅಷ್ಟರಲ್ಲಿ ಯಾರೋ ಒಬ್ಬರು ‘ಮುದ್ದೆ ಆರೋಗ್ತದೆ, ಏಳ್ರಮ್ಮ’ ಅನ್ನೋದು. ವರ್ಷಗಟ್ಟಲೆ ಇದೇ ಆಗಿದೆ. ಪೂರ್ತಿ ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ನನಗೂ ಬೇಜಾರಾಗಿ ಹೇಳೋದನ್ನೇ ಬಿಟ್ಟಿದ್ದೆ.

ನನ್ನ ಕೆಲಸ ಹೆಬ್ಬಾಳದ ಹತ್ತಿರದ ಒಂದು ಸಂಶೋಧನಾ ಲ್ಯಾಬಿನಲ್ಲಿ. ಕ್ಯಾನ್ಸರಿಗೆ ರೇಡಿಯೇಷನ್ ಕೊಡ್ತಾರಲ್ಲ, ನಮ್ಮ ಜನ ‘ಕರೆಂಟು ಇಡೋದು’ ಅಂತಾರಲ್ಲ, ಅದಕ್ಕೆ ಕೆಲವು ಗಡ್ಡೆಗಳು ಜಗ್ಗೋದೇ ಇಲ್ಲ. ಗಿಡದಿಂದ ತೆಗೆದ ಯಾವುದಾದರೂ ಸತ್ವವನ್ನ ಮೊದಲು ಹಾಕಿ, ಆಮೇಲೆ ಕಿರಣ ಕೊಟ್ಟರೆ ಜಗ್ಗುತ್ತಾವಾ ಅಂತ, ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ನೋಡೋದು ನಮ್ಮ ಕೆಲಸ. ಎಷ್ಟೋ ಗಿಡಗಳು ಕೈಕೊಟ್ಟವು. ಒಂಚೂರು ಆಸೆ ಹುಟ್ಟಿಸಿದ್ದು ನೆಲಬೇವು. ಚಿಕ್ಕವರಿದ್ದಾಗ ಜ್ವರ ಬಂದರೆ ಮೂಗು ಹಿಡಿದು ಕುಡಿಸ್ತಿದ್ದರಲ್ಲ, ಆ ಕಹಿ ಸೊಪ್ಪೇ. ಅಟ್ಟೂರು ಕೆರೆ ಏರಿಯ ಮೇಲೆ ಅದು ತಾನಾಗಿ ಬೆಳೆದುಕೊಂಡಿರ್ತಿತ್ತು. ಅಕ್ಕ ಕಿತ್ತು ತಂದು, ಅರೆದು, ನನ್ನ ಬಾಯಿಗೆ ಹಿಂಡ್ತಿದ್ದಳು. ಸಿಟ್ಟಿಗೆ ನಾನು ಅವಳ ಬೆರಳು ಕಚ್ಚಿದ್ದೂ ಉಂಟು.

ನಮ್ಮ ಲ್ಯಾಬಿನಲ್ಲಿ ತಟ್ಟೆ ಯಾವಾಗಲೂ ನಾಲ್ಕು ಇಡಬೇಕು. ಒಂದಕ್ಕೆ ಏನೂ ಹಾಕೋದಿಲ್ಲ. ಒಂದಕ್ಕೆ ಬರೀ ನೆಲಬೇವಿನ ಸತ್ವ. ಒಂದಕ್ಕೆ ಬರೀ ಕಿರಣ. ಇನ್ನೊಂದಕ್ಕೆ ಎರಡೂ. ಕೆಲವು ದಿನ ಬಿಟ್ಟು ನೇರಳೆ ಬಣ್ಣ ಹಾಕಿ ತೊಳೆದರೆ, ಬದುಕಿ ಬೆಳೆದ ಕೋಶಗಳು ಚುಕ್ಕೆ ಚುಕ್ಕೆಯಾಗಿ ಕಾಣ್ತವೆ. ಎರಡೂ ಹಾಕಿದ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ ಮಾತ್ರ. ಅದನ್ನ ಮೊದಲ ಸಲ ನೋಡಿದ ದಿನ ಕ್ಯಾಂಟೀನಿಗೆ ಓಡಿಹೋಗಿ ಎಲ್ಲರಿಗೂ ಕಾಫಿ ಕುಡಿಸಿದ್ದೆ. ಆದರೆ ಬರೀ ನೆಲಬೇವು ಹಾಕಿದ ತಟ್ಟೆ ಇದೆಯಲ್ಲ, ಅದನ್ನೂ ಏನೂ ಹಾಕದ ತಟ್ಟೆಯನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದು ಅಂತ ನನಗೇ ಗೊತ್ತಾಗ್ತಿರಲಿಲ್ಲ. ಎರಡರಲ್ಲೂ ಚುಕ್ಕೆ ಕಿಕ್ಕಿರಿದಿರ್ತಿತ್ತು.

ಆ ಖುಷಿಯಲ್ಲೇ ಒಂದು ದಿನ, ಆಟೋದಲ್ಲಿ ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ, ನಮ್ಮ ತವರಿನ ಹೆಂಗಸರ ವಾಟ್ಸಾಪ್ ಗುಂಪಿಗೆ ಒಂದು ವಾಯ್ಸ್ ಮೆಸೇಜ್ ಕಳಿಸಿದೆ. ಆ ಗುಂಪಿನಲ್ಲಿ ಯಾರೂ ಬರೆಯೋದಿಲ್ಲ. ಅಕ್ಕನಿಗಂತೂ ಓದು ಬರಹ ಬರೋದೇ ಇಲ್ಲ. ಎಲ್ಲ ಬರೀ ಮಾತಿನಲ್ಲೇ.

“ಕೇಳ್ರಮ್ಮ ಎಲ್ಲಾರೂ. ನೆಲಬೇವು ಗೊತ್ತಲ್ಲ? ಅದರ ಸತ್ವ ಹಾಕಿದ್ರೆ ಕ್ಯಾನ್ಸರ್ ಕೋಶ ಸಾಯತ್ತೆ, ನಾನೇ ಕಣ್ಣಾರೆ ನೋಡಿದೀನಿ, ತಟ್ಟೆ ಖಾಲಿ ಆಗೋಗತ್ತೆ! ಆದ್ರೆ ಒಂದ್ ವಿಷ್ಯ ಕೇಳಿ. ಬರೀ ನೆಲಬೇವಿಂದ ಏನೂ ಆಗಲ್ಲ. ಕರೆಂಟು ಇಡೋದು ಅಂದ್ರೆ ಸೀರೆ ಹರಿದಂಗೆ. ಈ ಕ್ಯಾನ್ಸರ್ ಕೋಶ ಶಾನೆ ಘಾಟಿ, ಹರಿದಿದ್ದನ್ನ ತಿರ್ಗಾ ಹೊಲ್ಕೊಂಬಿಡತ್ತೆ. ನೆಲಬೇವು ಮಾಡೋದಿಷ್ಟೆ, ಅದರ ಸೂಜಿ ದಾರ ಬಚ್ಚಿಡತ್ತೆ. ಹರೀದೇ ಇರೋ ಸೀರೆಗೆ ದಾರ ಬಚ್ಚಿಟ್ರೆ ಏನ್ ಬಂತು? ಇದೆಲ್ಲ ತಟ್ಟೇಲಿ ಮಾಡಿರೋದು, ಮನುಷ್ಯರಿಗೆ ಕೊಟ್ಟು ನೋಡಿಲ್ಲ. ಯಾರೂ ಕುಡಿಯೋಕೆ ಹೋಗ್ಬೇಡಿ.”

ಹಿಂದೆ ಹಾರ್ನಿನ ಗದ್ದಲ, ನಡುವೆ ಆಟೋದವನ ಬೈಗುಳ. ಚಿಕ್ಕಮ್ಮ ಕೈ ಮುಗಿಯುವ ಚಿತ್ರ ಹಾಕಿದರು. ಅಕ್ಕ ಮಾತ್ರ ವಾಪಸ್ ಮಾತಾಡಿ ಕಳಿಸಿದಳು. “ಸೀರೆ ಲೆಕ್ಕ ಸೆಂದಾಗಿ ಏಳ್ದೆ ಕಣೆ, ಈಗ್ ಅರ್ಥ ಆಯ್ತು,” ಅಂತ. ನನ್ನ ಕೆಲಸ ಏನು ಅಂತ ನಮ್ಮ ಮನೆಯಲ್ಲಿ ಅರ್ಥವಾಗಿದೆ ಅಂದ ಮೊದಲನೆಯವಳು ಅವಳೇ.

ಅಕ್ಕನ ಬಗ್ಗೆ ಹೇಳಬೇಕು. ಅಮ್ಮ ಬೇಗ ಹೋದಳು. ಅಕ್ಕ ಮದುವೆಯಾಗಿ ಅಟ್ಟೂರಿಗೆ ಬಂದಾಗ ನನ್ನನ್ನೂ ಸೆರಗಿಗೆ ಕಟ್ಟಿಕೊಂಡೇ ಬಂದಳು. ಭಾವ ಒಂದು ಮಾತೂ ಅನ್ನಲಿಲ್ಲ. ಅವರ ರಾಗಿ ಹೊಲವೆಲ್ಲ ಲೇಔಟ್ ಆಗಿ, ಅವರು ಬಾಡಿಗೆ ಮನೆಗಳನ್ನ ಕಟ್ಟಿಸಿ, ಮೂರನೇ ಮಹಡಿಯಲ್ಲಿ ತಾವು ಉಳಿದುಕೊಂಡರು. ಅಕ್ಕ ಆ ಮಹಡಿಯಿಂದ ಸೊಪ್ಪಿನವನನ್ನ ಕೂಗಿದರೆ ಪಕ್ಕದ ಬೀದಿಯ ಸೊಪ್ಪಿನವನೂ ಬಂದು ನಿಲ್ತಿದ್ದ. ಬಾಡಿಗೆಯವರು ನೀರು ಸುಮ್ಮನೆ ಬಿಟ್ಟರೆ ಅವಳು ಕೆಳಗೆ ಇಳಿದು ಹೋಗಬೇಕಾಗಿರಲಿಲ್ಲ. ನಿಂತಲ್ಲಿಂದಲೇ ಕೆಲಸ ಆಗ್ತಿತ್ತು. ಅಂಥ ಗಂಟಲು ಒಡೆದು, ಬರಬರುತ್ತಾ ಪಿಸುಗುಟ್ಟೋ ಮಟ್ಟಕ್ಕೆ ಬಂತು. ಪಕ್ಕದ ಕಟ್ಟಡದ ಸಿಮೆಂಟ್ ಧೂಳು ಅಂದುಕೊಂಡೆವು. ಧೂಳಲ್ಲ. ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ.

ಡಾಕ್ಟರು ನಮ್ಮ ಮೂವರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ದಿನಾ ಬಂದು ರೇಡಿಯೇಷನ್ ತಗೊಳ್ಳಿ, ಮಧ್ಯೆ ಬಿಡಬೇಡಿ. ಬಿಡದೆ ಮುಗಿಸಿದರೆ ಗಂಟಲು ಉಳಿಯೋ ಸಾಧ್ಯತೆ ಚೆನ್ನಾಗಿದೆ. ಬಿಟ್ಟುಬಿಟ್ಟು ಬಂದರೆ ಗಡ್ಡೆ ತಿರುಗಿ ಬೆಳೆಯುತ್ತೆ, ಆಗ ಧ್ವನಿಪೆಟ್ಟಿಗೆಯನ್ನೇ ತೆಗೀಬೇಕಾಗಬಹುದು. ಹೊರಗೆ ಬಂದ ಮೇಲೆ ಅಕ್ಕ ನನ್ನ ಮೊಣಕೈ ಹಿಡಿದು, “ನಿನ್ ನೆಲಬೇವು ಕೊಡಾಕಿಲ್ವಾ ಇವ್ರು?” ಅಂತ ಕೇಳಿದಳು. ಅದಕ್ಕಿನ್ನೂ ಬಹಳ ವರ್ಷ ಬೇಕು ಅಕ್ಕ, ಈಗ ಕರೆಂಟು ಒಂದೇ ದಾರಿ ಅಂದೆ. ಹೂಂ ಅಂದಳು.

ಗಂಟಲಿಗೆ ಕಿರಣ ಕೊಡುವಾಗ ತಲೆ ಕೂದಲೆಳೆಯಷ್ಟೂ ಅಲ್ಲಾಡಬಾರದು. ಅದಕ್ಕೆ ಪ್ಲಾಸ್ಟಿಕ್ ಜಾಲರಿಯೊಂದನ್ನ ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದ ಮೇಲೆ ಮುಖದಿಂದ ಭುಜದವರೆಗೆ ಎಳೆದು ಕೂರಿಸ್ತಾರೆ. ಅದು ಆರಿ ಗಟ್ಟಿಯಾಗಿ ಅವರದೇ ಮುಖದ ಅಚ್ಚಾಗುತ್ತೆ. ಆಮೇಲೆ ದಿನಾ ಆ ಮಾಸ್ಕನ್ನ ಮುಖಕ್ಕೆ ಹಾಕಿ, ಮಂಚಕ್ಕೆ ಬಿಗಿದು, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ತಾರೆ. ಮೊದಲ ವಾರ ನಾನೇ ಜೊತೆಗೆ ಹೋಗ್ತಿದ್ದೆ. ಅಕ್ಕ ಹೊರಗೆ ಬಂದಾಗ ಅವಳ ಕೆನ್ನೆ ಮೇಲೆಲ್ಲ ಜಾಲರಿಯ ಗುರುತು ಇರ್ತಿತ್ತು. “ಜೀವಂತ ಊತಾಕಿದಂಗ್ ಆಯ್ತದೆ ಕಣೆ,” ಅಂದಳು ಒಂದು ದಿನ. ಅಭ್ಯಾಸ ಆಗುತ್ತೆ ಬಿಡು ಅಂದೆ. ಆಮೇಲೆ ಭಾವ, “ನೀನ್ ಕೆಲ್ಸ ಕೆಡಿಸ್ಕೋಬೇಡಮ್ಮ, ದಿನಾ ನಾನ್ ಕರ್ಕೊಂಡ್ ಓಯ್ತೀನಿ,” ಅಂದರು. ನಾನು ಒಪ್ಪಿಕೊಂಡೆ.

ಅಲ್ಲಿಂದ ಮುಂದೆ ದಿನಾ ಸಂಜೆ ಫೋನು. ಹೋಗಿ ಬಂದ್ಯಾ ಅಕ್ಕ? ಓಗ್ ಬಂದೆ ಕಣೆ. ಹೇಗಿತ್ತು? ಇವತ್ ಜನ ಕಮ್ಮಿ, ಬಿರ್ರನೆ ಆಯ್ತು. ಇಷ್ಟಕ್ಕೇ ನಿಲ್ಲಿಸ್ತಿರಲಿಲ್ಲ ಮಹರಾಯ್ತಿ. ಮಾಸ್ಕ್ ಹಾಕೋ ಹುಡುಗಿಗೆ ಮದುವೆ ಗೊತ್ತಾಗಿದೆಯಂತೆ, ಗಂಡು ದೊಡ್ಡಬಳ್ಳಾಪುರದ ಕಡೆಯವನಂತೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಇವಳಿಗೆ ಒಂದು ಸಪೋಟ ಕೊಟ್ಟಳಂತೆ. ಮೆಷಿನ್ ಕೆಟ್ಟು ಒಂದು ಗಂಟೆ ಕಾಯಿಸಿದರಂತೆ. ನಾನು ಅಯ್ಯೋ ಪಾಪ ಅಂತಿದ್ದೆ. ಗಂಟಲು ಉರಿಯುತ್ತಾ ಅಂದರೆ, ಈಗ ಅಷ್ಟಿಲ್ಲ, ಮುದ್ದೆ ನುಂಗ್ತೀನಿ ಅಂತಿದ್ದಳು. ದಿನ ಕಳೆದಂತೆ ಉರಿ ಜಾಸ್ತಿಯಾಗಬೇಕು. ಇವಳಿಗೆ ಕಮ್ಮಿಯಾಗ್ತಿದೆಯಲ್ಲ, ನಮ್ಮಕ್ಕ ಗಟ್ಟಿಗಿತ್ತಿ ಅಂತ ಲ್ಯಾಬಿನಲ್ಲೆಲ್ಲ ಹೇಳಿಕೊಂಡು ಓಡಾಡಿದೆ.

ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ನನಗೇ ಫೋನ್ ಬಂತು. ನಿಮ್ಮ ಅಕ್ಕನವರು ಯಾಕೆ ಬರ್ತಾ ಇಲ್ಲ, ನಿಮ್ಮ ಭಾವನವರಿಗೆ ಫೋನ್ ಮಾಡಿದರೆ ಮೊದಲು ಜ್ವರ ಅಂದರು, ಈಗ ಎತ್ತೋದೇ ಇಲ್ಲ ಅಂತ. ಬೇರೆ ಯಾರದೋ ವಿಷಯ ಇರಬೇಕು, ಸರಿಯಾಗಿ ನೋಡಿ ಅಂತ ನಾನು ಜಬರ್ದಸ್ತಿನಲ್ಲೇ ಮಾತಾಡಿದೆ. ಫೋನ್ ಇಟ್ಟ ಮೇಲೆ ಮನಸ್ಸು ತಡೆಯದೆ ಆಟೋ ಹಿಡಿದು ಆಸ್ಪತ್ರೆಗೆ ಹೋದೆ.

ಅಕ್ಕನ ಸರದಿ ಬರುವ ಹೊತ್ತಿಗೆ ಆ ಹಾಲಿನಲ್ಲಿ ನಿಂತುಕೊಂಡೆ. ಇರೋ ಕುರ್ಚಿಯನ್ನೆಲ್ಲ ಒಂದೊಂದಾಗಿ ನೋಡಿದೆ. ಆಮೇಲೆ ಅವಳಿಗೆ ಫೋನ್ ಮಾಡಿದೆ.

“ಎಲ್ಲಿದ್ದೀಯಾ ಅಕ್ಕ?”

“ಆಸ್ಪತ್ರೇಲ್ ಕಣೆ. ಇನ್ನೇನ್ ಒಳೀಕ್ ಕರೀತಾರೆ. ಇವತ್ ಜನವೋ ಜನ.”

“ಭಾವ?”

“ಇಲ್ಲೇ ಪಕ್ಕದಲ್ಲವ್ರೆ. ಮಡಗ್ತೀನಿ, ಕರುದ್ರು ಅನ್ಸ್ತದೆ.”

ಅವಳ ಹಿಂದೆ ಕೋಳಿ ಕೂಗಿದ್ದು ನನಗೆ ಚೆನ್ನಾಗಿ ಕೇಳಿಸಿತು. ಮಾಸ್ಕ್ ಹಾಕುವ ಹುಡುಗಿ ನನ್ನ ಗುರುತು ಹಿಡಿದು ಒಳಗೆ ಕರೆದಳು. ಗೋಡೆ ತುಂಬಾ ಅಲಮಾರು, ಒಂದೊಂದು ಖಾನೆಯಲ್ಲೂ ಒಬ್ಬೊಬ್ಬರ ಮುಖ. “ಇದೇ ಮೇಡಂ ನಿಮ್ಮಕ್ಕಂದು. ಎಷ್ಟ್ ದಿನದಿಂದ ಹಿಂಗೇ ಇದೆ,” ಅಂತ ತೋರಿಸಿದಳು. ಅಕ್ಕನ ಅಗಲ ಹಣೆ, ಮೊಂಡು ಮೂಗು. ನಿಮಗೆ ಮದುವೆ ಗೊತ್ತಾಗಿದೆಯಾ ಅಂತ ಕೇಳಿದೆ. ಮದುವೆಯಾಗಿ ಮಗು ಸ್ಕೂಲಿಗೆ ಹೋಗ್ತಿದೆ ಅಂತ ಅವಳು ನಕ್ಕಳು.

ಸೀದಾ ಅಟ್ಟೂರಿಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಮಧ್ಯಾಹ್ನ ಕಾರು ಬಂತು. ಅಕ್ಕ ನನ್ನ ನೋಡಿದವಳೇ ಕೈಯಲ್ಲಿದ್ದ ಬಾಟಲಿಯನ್ನ ಸೆರಗಿನೊಳಗೆ ಸೇರಿಸಿದಳು. ನಾನು ಕಿತ್ತುಕೊಂಡು ಮುಚ್ಚಳ ತೆಗೆದು ಒಂದು ಹನಿ ನಾಲಗೆಗೆ ಹಾಕಿಕೊಂಡೆ. ನೆಲಬೇವು. ಆ ಕಹಿ ನನಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

“ಏನಿದು ಭಾವ? ಯಾರ ಜೀವದ ಜೊತೆ ಆಟ ಆಡ್ತಿದ್ದೀರಿ ನೀವು?” ಅಂತ ಕೂಗಾಡಿಬಿಟ್ಟೆ. ಬಾಡಿಗೆಯವರೆಲ್ಲ ಹೊರಗೆ ಬಂದರು. ಬರಲಿ ಅಂತ ಇನ್ನೂ ಜೋರು ಮಾಡಿದೆ. ಭಾವ ಪಾಪದವರ ಹಾಗೆ ನಿಂತು, “ನಾಟಿ ಮದ್ದು ಯಾರ್ಗೂ ಏಳ್ಬಾರ್ದಮ್ಮ. ಏಳಿದ್ರೆ ಗುಣ ಓಯ್ತದೆ. ಚಿಕ್ಕಜಾಲದ ತಾವ ಒಬ್ಬ ತಾತ ಕೊಡ್ತಾನೆ,” ಅಂದರು. ನಮ್ಮ ಕಡೆ ಇದು ಇದ್ದದ್ದೇ. ಹಳದಿ ಕಾಯಿಲೆಗೆ ಮದ್ದು ಕುಡಿದರೂ, ಮೂಳೆಗೆ ಪಟ್ಟು ಹಾಕಿಸಿದರೂ, ವಾಸಿಯಾಗುವವರೆಗೆ ಬಾಯಿ ಬಿಡೋ ಹಾಗಿಲ್ಲ. ಚಿಕ್ಕಮ್ಮನಿಗೆ ಗೊತ್ತಿತ್ತಂತೆ. ಗುಂಪಿನಲ್ಲಿದ್ದವರಿಗೆಲ್ಲ ಗೊತ್ತಿತ್ತಂತೆ. ಮದ್ದಿನ ಗುಣ ಉಳಿಸೋಕೆ ಅಂತ ಒಬ್ಬರಾದರೂ ಒಂದು ಮಾತು ನನ್ನ ಕಿವಿಗೆ ಹಾಕಿರಲಿಲ್ಲ.

“ಅದೂ ಅಲ್ದೆ,” ಅಂದರು ಭಾವ, “ನೀನೇ ತಾನೇ ಏಳಿದ್ದು? ನೀನು ಏಳ್ದೆ ಇದ್ದಿದ್ರೆ ನಾನು ಕರೆಂಟು ಬಿಡಿಸ್ತಿದ್ನಾ?”

ಏನು ಹೇಳ್ತಿದ್ದಾರೆ ಅಂತ ನನಗೆ ತಲೆಬುಡ ಗೊತ್ತಾಗಲಿಲ್ಲ. ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾರನೇ ದಿನ ನಾನೊಬ್ಬಳೇ ಚಿಕ್ಕಜಾಲದ ಕಡೆ ಹೋದೆ. ಏರ್‌ಪೋರ್ಟ್ ರೋಡಿನಿಂದ ಒಳಗೆ ಹೋದರೆ ಒಂದು ದ್ರಾಕ್ಷಿ ತೋಟ, ಅದರ ಪಕ್ಕ ಶೀಟಿನ ಮನೆ, ಮುಂದೆ ಬೆಂಚುಗಳ ಮೇಲೆ ಜನ. ಕೆಲವರ ಕತ್ತಿನ ಮೇಲೆ ಆಸ್ಪತ್ರೆಯವರು ಹಾಕಿದ ಶಾಯಿಯ ಗೆರೆ ಇನ್ನೂ ಅಳಿಸಿರಲಿಲ್ಲ. ನಾನೂ ಒಂದು ಬೆಂಚಿನ ತುದಿಯಲ್ಲಿ ಕೂತೆ. ತಾತ ಒಳ್ಳೆಯ ಮನುಷ್ಯನ ಹಾಗೇ ಕಂಡ. ಬಿಳೀ ಪಂಚೆ, ಮೆತ್ತಗಿನ ಮಾತು, ವೀಳ್ಯದೆಲೆ ಬಿಟ್ಟು ಬೇರೇನೂ ಮುಟ್ಟೋದಿಲ್ಲ. ಹೊಸಬರು ಬಂದಿದ್ದರಿಂದ, “ನನ್ ಮಾತ್ ನಂಬ್ಬೇಡಿ, ದೊಡ್ಡ ಲ್ಯಾಬಲ್ಲಿರೋ ಮೇಡಂ ಏನಂತಾರೆ ಕೇಳಿ,” ಅಂತ ತನ್ನ ಫೋನನ್ನ ಕಿಟಕಿ ಮೇಲೆ ಇಟ್ಟ. ಮೊದಲು ಹಾರ್ನು ಕೇಳಿಸಿತು. ಆಮೇಲೆ ಆಟೋದವನ ಬೈಗುಳ.

“ಕೇಳ್ರಮ್ಮ ಎಲ್ಲಾರೂ. ನೆಲಬೇವು ಗೊತ್ತಲ್ಲ?”

ನನ್ನ ದನಿ. ಸಾಯತ್ತೆ ಅಂತಾಳೆ, ಕಣ್ಣಾರೆ ನೋಡಿದೀನಿ ಅಂತಾಳೆ, ತಟ್ಟೆ ಖಾಲಿ ಆಗೋಗತ್ತೆ ಅಂತಾಳೆ, ಅಲ್ಲಿಗೆ ಟಕ್ ಅಂತ ನಿಂತುಹೋಯಿತು. ಬೆಂಚಿನ ಮೇಲಿದ್ದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆದೂಗಿದರು. ಎದ್ದು ನಿಂತು, ಅದು ನಾನು, ಇದು ಅರ್ಧ, ಇನ್ನರ್ಧ ಎಲ್ಲಿ ಅಂತ ಕಿರುಚಿದೆ. ತಾತ ಗಾಬರಿಯಾಗಲಿಲ್ಲ. ಕಣ್ಣರಳಿಸಿ, “ತಾಯೀ, ನೀವೇನಾ!” ಅಂತ ಎರಡೂ ಕೈ ಮುಗಿದು, ಜೊತೆಗೆ ಒಂದು ಫೋಟೋ ತೆಗೆಸಿಕೊಳ್ಳಿ ಅಂದ. ಇದನ್ನ ಅರ್ಧಕ್ಕೆ ಕತ್ತರಿಸಿದ್ದು ಯಾರು ಅಂದೆ. “ನಮ್ಗೆ ಅದೆಲ್ಲ ಬರಾಕಿಲ್ಲ ತಾಯಿ. ಅಟ್ಟೂರಮ್ಮ ಕೊಟ್ಟಿದ್ದೇ ಇಷ್ಟು,” ಅಂದ. ನನ್ನ ಎದುರಿಗೇ ಅಳಿಸಿದ. ಆದರೆ ಅಷ್ಟರಲ್ಲಿ ಎಷ್ಟು ಜನರ ಫೋನಿಗೆ ಹೋಗಿತ್ತೋ ದೇವರಿಗೇ ಗೊತ್ತು. ಯಾರಾದರೂ ಬಂದರೆ ನನ್ನ ನಂಬರ್ ಕೊಡಿ, ಪೂರ್ತಿ ನಾನೇ ಹೇಳ್ತೀನಿ ಅಂತ ನಂಬರ್ ಕೊಟ್ಟು ಬಂದೆ. ಅಟ್ಟೂರಮ್ಮ ಅಂದರೆ ನಮ್ಮಕ್ಕ.

ವಾಪಸ್ ಬರುವಾಗ ದಾರಿಯುದ್ದಕ್ಕೂ ಭಾವನೇ ಮಾಡಿರಬೇಕು, ಅಕ್ಕನ ಹೆಸರು ಹೇಳಿದ್ದಾರೆ ಅಂತ ನನಗೆ ನಾನೇ ಹೇಳಿಕೊಂಡೆ. ಮನೆಗೆ ಹೋಗಿ ನನ್ನ ಫೋನಿನಲ್ಲಿದ್ದ ಆ ಮೆಸೇಜನ್ನ ಭಾವನಿಗೆ ಪೂರ್ತಿ ಕೇಳಿಸಿದೆ. ಸೀರೆ, ಸೂಜಿ, ದಾರ, ಯಾರೂ ಕುಡಿಯೋಕೆ ಹೋಗ್ಬೇಡಿ, ಎಲ್ಲ. ಅವರು ಇನ್ನೊಂದು ಸಲ ಹಾಕಿಸಿಕೊಂಡು ಕೇಳಿದರು. “ಇದನ್ನ ನಾನ್ ಕೇಳೇ ಇಲ್ವಲ್ಲಮ್ಮ,” ಅಂದರು. ಆ ಗುಂಪಿನಲ್ಲಿ ಅವರು ಇರಲೂ ಇಲ್ಲ, ಅದು ಹೆಂಗಸರದು. ಅವರ ಫೋನಿನಲ್ಲಿ ಇದ್ದದ್ದೂ ಅದೇ ಅರ್ಧ. ಅಕ್ಕ ತನ್ನ ಫೋನಿನಲ್ಲಿ ನನ್ನ ಮಾತು ಹಾಕಿ, ಅವರ ಫೋನಿನಲ್ಲಿ ರೆಕಾರ್ಡ್ ಒತ್ತಿ, ಬೇಕಾದಷ್ಟಕ್ಕೆ ನಿಲ್ಲಿಸಿದ್ದಳು. ಕರೆಂಟು ತಪ್ಪಿಸೋದು ಬೇಡ ಅಂತ ಹಟ ಹಿಡಿದಿದ್ದವರು ಭಾವ. ಅವರನ್ನ ಒಪ್ಪಿಸೋಕೆ ನನ್ನ ಬಾಯಿ ಬೇಕಾಗಿತ್ತು.

ಅಕ್ಕ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದಳು. ಪೂರ್ತಿ ಕೇಳಿದ್ದೆ ತಾನೇ ನೀನು, ಸೀರೆ ಲೆಕ್ಕ ಚೆನ್ನಾಗಿದೆ ಅಂದಿದ್ದೆಯಲ್ಲ ಅಂದೆ.

“ಊಂ, ಪೂರ್ತಿ ಕೇಳಿದ್ದೆ,” ಅಂದಳು. ಪಿಸುಮಾತು, ಆದರೂ ಒಂದೊಂದು ಅಕ್ಷರವೂ ಕೇಳಿಸಿತು. “ಆ ಜಾಲ್ರಿ ಒಳ್ಗೆ ಉಸ್ರು ಕಟ್ಟೋಯ್ತದೆ ಕಣೆ. ಬಾಗ್ಲು ಆಕ್ಕೊಂಡ್ ಓಯ್ತಾರಲ್ಲ, ಆಗ ಕೂಗ್ತೀನಿ, ಕೂಗೂ ಬರಾಕಿಲ್ಲ. ನನ್ ಕೈಲ್ ಆಗ್ನಿಲ್ಲ.”

“ನನಗೆ ಹೇಳಬಾರದಿತ್ತಾ?”

“ಏಳಿದ್ರೆ ಬಿಡ್ತಿದ್ಯಾ ನೀನು? ಎಳ್ಕೊಂಡ್ ಓಗ್ತಿದ್ದೆ.”

ಹೌದು, ಎಳ್ಕೊಂಡೇ ಹೋಗ್ತಿದ್ದೆ. ಮಾಸ್ಕಿಗೆ ಹೆದರೋರು ಬಹಳ ಜನ ಇದ್ದಾರೆ, ಅದಕ್ಕೆ ಮಾತ್ರೆ ಇದೆ, ಕಣ್ಣಿನ ಹತ್ತಿರ ಜಾಲರಿ ಕತ್ತರಿಸಿ ಕೊಡೋದುಂಟು, ಡಾಕ್ಟರ ಹತ್ತಿರ ಜಗಳ ಆಡಿಯಾದರೂ ಏನಾದರೂ ಮಾಡಿಸ್ತಿದ್ದೆ. ಒಂದು ಮಾತು ಸಾಕಾಗಿತ್ತು. ಅದರ ಬದಲು ನನ್ನ ಮಾತನ್ನೇ ಅರ್ಧಕ್ಕೆ ಕತ್ತರಿಸಿ, ಕಟ್ಟಿಕೊಂಡ ಗಂಡನಿಗೆ ಕೇಳಿಸಿ, ದಿನಾ ಸಂಜೆ ಸಪೋಟ ಕೊಟ್ಟ ಅಜ್ಜಿಯಂಥ ಕಥೆಗಳನ್ನ ನನಗೆ ಹೇಳಿದಳು. ಯಾರು ಬೇಕಾದರೂ ಮೋಸ ಮಾಡಲಿ, ಇವಳು ಮಾಡ್ತಾಳೆ ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಇವಳು ನನಗೆ ತಾಯಿ ಆಗಿದ್ದವಳು.

ಆಸ್ಪತ್ರೆಗೆ ಎಳೆದುಕೊಂಡೇ ಹೋದೆ. ಅಕ್ಕ ಸೊರಗಿದ್ದಳು, ಹಳೇ ಮಾಸ್ಕ್ ಮುಖಕ್ಕೆ ಸಡಿಲವಾಗ್ತಿತ್ತು. ಹೊಸದು ಮಾಡೋಣವೇ ಅನ್ನುವಷ್ಟರಲ್ಲಿ ಸ್ಕ್ಯಾನ್ ಬಂತು. ಗಡ್ಡೆ ಮೊದಲಿಗಿಂತ ದೊಡ್ಡದಾಗಿತ್ತು. ಈಗ ಬರೀ ರೇಡಿಯೇಷನ್ನಿಗೆ ಬಗ್ಗೋದಿಲ್ಲ, ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೀಬೇಕು ಅಂದರು ಡಾಕ್ಟರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಆಪರೇಷನ್ನಿಗೆ ಮುಂಚೆ ಅಕ್ಕ ಎಲ್ಲರನ್ನೂ ಹೆಸರು ಹಿಡಿದು ಕರೆದು ಮಾತಾಡಿಸಿದಳು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ, ಸಿಟ್ಟಿಳಿದಿರಲಿಲ್ಲ. ನನ್ನನ್ನ ಕರೆದಾಗಲೂ ಮುಖ ತಿರುಗಿಸಿಕೊಂಡೇ ಹೋದೆ. “ಊಟ ಮಾಡ್ದಾ?” ಅಂತಷ್ಟೇ ಕೇಳಿದಳು.

ಈಗ ಅಕ್ಕ ಉಸಿರಾಡೋದು ಕತ್ತಿನಲ್ಲಿ ಮಾಡಿದ ತೂತಿನಿಂದ. ಅದರ ಮೇಲೆ ಸದಾ ಒಂದು ಮೆತ್ತನೆಯ ಬಟ್ಟೆ ಕಟ್ಟಿಕೊಂಡಿರ್ತಾಳೆ. ಶುಚಿ ಮಾಡ್ತಿದ್ದದ್ದು ಭಾವ ಒಬ್ಬರೇ, ಅದೂ ಬಾಗಿಲು ಹಾಕಿಕೊಂಡು. ನೋಡೋಕೆ ಬಂದವರಿಗಿರಲಿ, ನನಗೂ ಒಂದು ದಿನ ತೋರಿಸಿರಲಿಲ್ಲ. ನಾನು ಒಳಗೆ ಹೋದರೆ ಕೈ ಅಡ್ಡ ಹಿಡಿಯೋಳು. ಸೊಪ್ಪಿನವನು ಬಂದರೆ ಮೂರನೇ ಮಹಡಿಯಿಂದ ಚಪ್ಪಾಳೆ ತಟ್ತಾಳೆ. ನಾನು ಪ್ರತಿ ಭಾನುವಾರ ಹೋಗ್ತೀನಿ. ಹೋಗದೆ ಇರೋಕೆ ಆಗೋದಿಲ್ಲ, ಹೋದರೆ ಮಾತಾಡಿಸೋಕೆ ಆಗೋದಿಲ್ಲ.

ಅಂಥ ಒಂದು ಭಾನುವಾರ ಇಬ್ಬರೂ ಕೂತು ಅವರೆಕಾಯಿ ಸುಲೀತಿದ್ದೆವು. ಗುರುತಿಲ್ಲದ ನಂಬರಿನಿಂದ ನನಗೆ ಫೋನ್ ಬಂತು. ಕೈ ಒದ್ದೆಯಾಗಿತ್ತು, ಸ್ಪೀಕರ್ ಹಾಕಿದೆ. ಮಾಕಳಿಯಿಂದ ಒಬ್ಬ ಹೆಂಗಸು. ಮದ್ದಿನ ತಾತ ನಂಬರ್ ಕೊಟ್ಟರಂತೆ. ಅವಳಿಗೆ ನಾಲಗೆಯಲ್ಲಿ ಗಡ್ಡೆ, ಕರೆಂಟು ಅರ್ಧ ಆಗಿದೆ, ಬಾಯಿ ಹುಣ್ಣಾಗಿ ಗಂಜಿ ಇಳಿಯೋದಿಲ್ಲ. “ನೀವು ಏಳಿರೋದ್ ಕೇಳಿದೀನಿ ಮೇಡಂ. ಕರೆಂಟು ಬುಟ್ಬುಟ್ಟು ನೆಲಬೇವೇ ಕುಡೀಲಾ?”

ಬೇಡ, ಖಂಡಿತ ಬೇಡ, ನಾನು ಹೇಳಿದ್ದರಲ್ಲಿ ಅರ್ಧ ಮಾತ್ರ ನಿಮಗೆ ಕೇಳಿಸಿದ್ದಾರೆ, ಹುಣ್ಣಿಗೆ ಡಾಕ್ಟರ ಹತ್ತಿರ ಔಷಧಿ ಕೇಳಿ, ಒಂದು ದಿನವೂ ತಪ್ಪಿಸಬೇಡಿ ಅಂದೆ. ಸೀರೆ ಕಥೆ ಹೇಳಿದೆ, ತಟ್ಟೆ ಕಥೆ ಹೇಳಿದೆ. “ಈಗ ಇಂಗ್ ಅಂತೀರಾ. ಆವತ್ತು ಅಷ್ಟ್ ಗಟ್ಟಿಯಾಗ್ ಏಳಿದ್ರಲ್ಲ? ಆಸ್ಪತ್ರೆಯೋರು ನಿಮ್ ಕೈಲಿ ಇಂಗ್ ಏಳ್ಸ್ತಾವ್ರಾ ಮೇಡಂ?” ಅಂದಳು. ಅಯ್ಯೋ ದೇವರೇ ಅಂತ ಹಣೆ ಚಚ್ಚಿಕೊಂಡೆ. ರೆಕಾರ್ಡಿನಲ್ಲಿದ್ದದ್ದೂ ನನ್ನದೇ ದನಿ, ಈಗ ನಾನು ಬಾಯಾರೆ ಹೇಳೋ ಮಾತಿಗಿಂತ ಅವಳಿಗೆ ಅದೇ ದೊಡ್ಡದಾಗಿತ್ತು.

ಅಕ್ಕ ಅವರೆಕಾಯಿ ತಟ್ಟೆ ಪಕ್ಕಕ್ಕೆ ತಳ್ಳಿ ಎದ್ದಳು. ನನ್ನ ಕೈಯಿಂದ ಫೋನ್ ಕಿತ್ತುಕೊಂಡು ವಿಡಿಯೋ ಒತ್ತಿದಳು. ಆ ಹೆಂಗಸಿನ ಮುಖ ಬಂತು, ನನಗಿಂತ ಚಿಕ್ಕವಳು, ತುಟಿಯೆಲ್ಲ ಒಡೆದಿತ್ತು. ಅಕ್ಕ ಫೋನನ್ನ ಗೋಡೆಗೆ ಒರಗಿಸಿ ನಿಲ್ಲಿಸಿ, ಎರಡೂ ಕೈಯಿಂದ ಕತ್ತಿನ ಬಟ್ಟೆ ಬಿಚ್ಚಿದಳು. ಮೊದಲ ಸಲ ನಾನೂ ನೋಡಿದೆ. ಕೆಂಪಗೆ, ದುಂಡಗೆ, ಉಸಿರಿನ ಜೊತೆ ಹಿಗ್ಗಿ ಕುಗ್ಗುತ್ತಿತ್ತು. ಅಕ್ಕ ಲೋಟ ಎತ್ತಿ ಕುಡಿಯುವ ಹಾಗೆ ಮಾಡಿ, ಆ ತೂತನ್ನ ಬೆರಳಿಂದ ತೋರಿಸಿ, ಬೇಡ ಬೇಡ ಅಂತ ಕೈ ಆಡಿಸಿದಳು. ಆಮೇಲೆ ಅಂಗೈಯಗಲಿಸಿ ಮುಖದ ಮೇಲೆ ಒತ್ತಿ ಹಿಡಿದುಕೊಂಡಳು, ಜಾಲರಿ ಬಿಗಿದ ಹಾಗೆ. ಕೈ ತೆಗೆದು, ಹೋಗು ಅಂತ ತಲೆ ಆಡಿಸಿದಳು. ಕೆಮ್ಮು ಬಂದು ತೂತಿನಿಂದ ಬುಳಬುಳ ಅಂದಿತು. ಒರೆಸಿಕೊಂಡು ಮತ್ತೆ ತಲೆ ಆಡಿಸಿದಳು.

ಹೆಂಗಸು ಬಾಯಿ ಮೇಲೆ ಸೆರಗು ಇಟ್ಟುಕೊಂಡು ಅತ್ತಳು. “ನಾಳೆ ಬೆಳಿಗ್ಗೆ ಬಾಗ್ಲು ತೆಗಿಯೋ ಒತ್ಗೆ ಓಯ್ತೀನಿ ಕಣಕ್ಕ, ಆಣೆಗೂ ಓಯ್ತೀನಿ,” ಅಂದಳು.

ಫೋನ್ ಇಟ್ಟ ಮೇಲೆ ಅಕ್ಕ ಬಟ್ಟೆ ಕಟ್ಟಿಕೊಂಡು, ಸರಿಯಾಯ್ತಾ ಅಂತ ನನ್ನ ಕಡೆ ಹುಬ್ಬೆತ್ತಿದಳು. ಹೂಂ ಅನ್ನಬೇಕಿತ್ತು. ಅದರ ಬದಲು ಜಗಳಕ್ಕೆ ನಿಂತೆ.

“ಅವಳು ಯಾರು ನಿನಗೆ? ಹೆಸರಾದ್ರೂ ಗೊತ್ತಾ?” ಅಂದೆ. “ಕಂಡು ಕೇಳರಿಯದ ಅವಳಿಗೆ ಬಟ್ಟೆ ಬಿಚ್ಚಿ ನಿಜ ತೋರಿಸಿದೆ. ನಾನು ದಿನಾ ಸಂಜೆ ಫೋನ್ ಮಾಡಿ ಕೇಳ್ತಿದ್ದೆನಲ್ಲ ಅಕ್ಕ. ಆಗ ನಿನಗೆ ಬಾಯಿತ್ತು. ಯಾಕ್ ಸುಳ್ಳು ಹೇಳಿದೆ ನನಗೆ?”

ಅಕ್ಕ ನನ್ನ ಎದುರಿಗೆ ಬಂದು ಕೂತಳು. ತುಟಿ ಆಡಿಸಿದಳು. ಬಹಳ ಹೊತ್ತು ಏನೋ ಹೇಳಿದಳು, ಕಣ್ಣಲ್ಲಿ ನೀರು ತುಂಬಿಕೊಂಡು. ನಾನು ಅವಳ ಬಾಯಿಯನ್ನೇ ನೋಡ್ತಿದ್ದೆ. ಗೊತ್ತಾಗಲಿಲ್ಲ ಅಕ್ಕ, ಇನ್ನೊಂದು ಸಲ ಹೇಳು ಅಂದೆ. ಇನ್ನೊಂದು ಸಲ ಹೇಳಿದಳು. ಆಗಲೂ ನನಗೆ ಒಂದಕ್ಷರ ಗೊತ್ತಾಗಲಿಲ್ಲ.